ಪ್ರಾಣಿ ಸಿಕ್ತು, ಕಾಡೆಲ್ಲಿ? ಡಿಎಸ್‌ಎಲ್‌ಆರ್ ಕಾಲದಲ್ಲಿ ಎಂ. ಕೃಷ್ಣನ್ ಅವರನ್ನು ಯಾಕೆ ನೆನೀಬೇಕು

ಕಾಡಿನ ಒಂದು ಒಳ್ಳೆ ಫೋಟೊ ಇನ್‌ಸ್ಟಾಗ್ರಾಮಿಗೆ ಬಿದ್ದರೆ ಅದರ ಕೆಳಗಿನ ಮೊದಲ ಕಮೆಂಟು ಬಹುತೇಕ ಒಂದೇ ಆಗಿರುತ್ತೆ: ಯಾವ ಕ್ಯಾಮೆರಾ, ಯಾವ ಲೆನ್ಸು? ಹಕ್ಕಿ ಕೂತಿರುವ ಮರ ಯಾವುದು, ಆ ಜಾಗ ಯಾವ ಊರಿಂದು, ಇನ್ನು ಹತ್ತು ವರ್ಷಕ್ಕೆ ಅದು ಅಲ್ಲಿ ಇರುತ್ತಾ ಅಂತ ಕೇಳುವವರು ಕಮ್ಮಿ. ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ಕಡೆಗೆ ಭಾನುವಾರ ಬೆಳಿಗ್ಗೆ ಹೊರಡುವ ಬೈಕುಗಳನ್ನು ನೋಡಿ. ಬೆನ್ನಿಗೆ ಕ್ಯಾಮೆರಾ ಬ್ಯಾಗು ಇರುವ ಹುಡುಗ ಹುಡುಗಿಯರು ಈಗ ಬಹಳ. ಖಾನಾಪುರದ ಕಾಡು ಹಿಂದೆಂದೂ ಇಷ್ಟು ಫೋಟೊ ಆಗಿರಲಿಲ್ಲ. ಆದರೂ ಕಾಡು ಹೇಗಿದೆ ಅನ್ನೋದು ಆ ಫೋಟೊಗಳಲ್ಲಿ ಕಾಣೋದೇ ಕಷ್ಟ. ಕಾಣೋದು ಒಂದು ಜಲಪಾತ, ಒಂದು ಮಂಗಟ್ಟೆ, ಅದರ ಹಿಂದೆ ಬೆಣ್ಣೆ ಸವರಿದಂಥ ಹಸಿರು ಮಸುಕು.

ಈ ಹೊತ್ತಿನಲ್ಲಿ ಒಬ್ಬ ಹಳೆಯ ಫೋಟೊಗ್ರಾಫರ್ ಬದುಕನ್ನು ನೋಡುವುದು ಒಳ್ಳೇದು. ಅವರ ಕ್ಯಾಮೆರಾ ಯಾವ ಕಂಪನಿಯದು ಅಂತ ಕೇಳಿದ್ರೆ ಉತ್ತರ ಕೊಡೋದೇ ಕಷ್ಟ ಇತ್ತು. ಬಾಡಿ ಒಂದು ಕಂಪನಿಯದು, ಟೆಲಿ ಲೆನ್ಸ್ ಇನ್ನೊಂದರದು, ಉಳಿದ ಬಿಡಿಭಾಗಗಳು ಎಲ್ಲಿಂದಲೋ ತಂದದ್ದು. ಎಲ್ಲವನ್ನೂ ತಾವೇ ಸೇರಿಸಿ ಕಟ್ಟಿಕೊಂಡಿದ್ದರು. ಅದಕ್ಕೆ ಅವರು ಕೊಟ್ಟ ಹೆಸರು ಸೂಪರ್ ಪಾಂಡೆರೋಸಾ. 1960ರ ದಶಕದಲ್ಲಿ ಅದನ್ನು ನೋಡಿದ ವನ್ಯಜೀವಿ ಲೇಖಕ ಇ.ಪಿ. ಜೀ, ಇದಕ್ಕೆ ಎಲ್ಲೋ ತಂತಿಯನ್ನೂ ಸುತ್ತಿರಬೇಕು ಅಂತ ತಮ್ಮ ಪುಸ್ತಕದಲ್ಲಿ ತಮಾಷೆ ಮಾಡಿದ್ದಾರೆ. ಆ ಜೋಡಣೆಯಲ್ಲೇ, ಕಪ್ಪು ಬಿಳುಪಿನಲ್ಲೇ, ದಕ್ಷಿಣ ಭಾರತದ ಕಾಡಾನೆಗಳ ಬದುಕನ್ನು ಆ ಕಾಲದಲ್ಲಿ ಹೆಚ್ಚು ಜನ ಮಾಡದಷ್ಟು ಹತ್ತಿರದಿಂದ ದಾಖಲಿಸಿದವರು ಮಾಧವಯ್ಯ ಕೃಷ್ಣನ್, ಅಂದರೆ ಎಂ. ಕೃಷ್ಣನ್.

ಮೈಲಾಪುರದಿಂದ ಸಂಡೂರಿಗೆ

ಕೃಷ್ಣನ್ ಹುಟ್ಟಿದ್ದು 1912ರ ಜೂನ್ 30ರಂದು, ತಿರುನೆಲ್ವೇಲಿಯಲ್ಲಿ. ಎಂಟು ಮಕ್ಕಳಲ್ಲಿ ಕೊನೆಯವರು. ತಂದೆ ಎ. ಮಾಧವಯ್ಯ ತಮಿಳಿನ ಆರಂಭದ ಕಾದಂಬರಿಕಾರರಲ್ಲಿ ಒಬ್ಬರು, ಸಮಾಜ ಸುಧಾರಣೆಯ ಪರ ಇದ್ದವರು. 1925ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಸೆನೆಟ್ ಸಭೆಯಲ್ಲಿ ತಮಿಳಿನ ಪರವಾಗಿ ಮಾತಾಡಿ, ಅಲ್ಲೇ ಕುಸಿದು ತೀರಿಕೊಂಡರು. ಆಗ ಕೃಷ್ಣನ್‌ಗೆ 13 ವರ್ಷ. ಅಣ್ಣ ಎಂ. ಅನಂತನಾರಾಯಣನ್ ಐಸಿಎಸ್ ಪಾಸಾಗಿ ಮುಂದೆ ಮದ್ರಾಸ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು. ತಮ್ಮ ಮಾತ್ರ ಪರೀಕ್ಷೆಗಳಲ್ಲಿ ಮಿಂಚಿದವರಲ್ಲ. ಮೈಲಾಪುರದ ಸುತ್ತ ಆಗ ಇನ್ನೂ ಕುರುಚಲು ಕಾಡಿತ್ತು. ಹುಡುಗನ ಗಮನ ಎಲ್ಲಾ ಅಲ್ಲೇ.

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುವಾಗ ಪಿ.ಎಫ್. ಫೈಸನ್ ಅವರಂಥ ಮೇಷ್ಟ್ರು ಸಿಕ್ಕಿದರು. ದಕ್ಷಿಣ ಭಾರತದ ಗಿರಿಧಾಮಗಳ ಸಸ್ಯಗಳ ಬಗ್ಗೆ ದೊಡ್ಡ ಕೆಲಸ ಮಾಡಿದ ಆ ಬ್ರಿಟಿಷ್ ಪ್ರೊಫೆಸರ್ ಜೊತೆ ಕೃಷ್ಣನ್ ಬೆಟ್ಟ ಸುತ್ತಿದರು. ಇದನ್ನ ಗಮನಿಸಿ: ಮುಂದೆ ಆನೆ ಫೋಟೊಗ್ರಾಫರ್ ಅಂತ ಹೆಸರಾದ ಮನುಷ್ಯ ಮೊದಲು ಕಲಿತದ್ದು ಗಿಡಮರ. ಪ್ರಾಣಿ ನಿಂತಿರುವ ಹುಲ್ಲು ಯಾವುದು, ಅದು ಯಾವ ಮರದ ತೊಗಟೆ ಸುಲಿಯುತ್ತೆ ಅಂತ ಗೊತ್ತಿದ್ದವರಿಗೆ ಆ ಹುಲ್ಲು, ಆ ಮರ ಫ್ರೇಮಿನ ಕಸ ಅನ್ನಿಸೋದಿಲ್ಲ.

ಸಸ್ಯಶಾಸ್ತ್ರದ ನಂತರ ಕಾನೂನು ಡಿಗ್ರಿಯೂ ಆಯ್ತು. ಆದರೆ ನೆಲೆಯಾದ ಕೆಲಸ ಸಿಗಲಿಲ್ಲ. ಪತ್ರಿಕೆಗಳಿಗೆ ಬರೆಯೋದು, ಚಿತ್ರ ಬಿಡಿಸೋದು, ಸಣ್ಣಪುಟ್ಟ ನೌಕರಿ. ಓದಿದ ಡಿಗ್ರಿಗೂ ಮಾಡುವ ಕೆಲಸಕ್ಕೂ ಸಂಬಂಧ ಇಲ್ಲದ ಬದುಕು ಇಂದಿನ ಎಷ್ಟೋ ಮಂದಿಗೆ ಹೊಸದೇನಲ್ಲ. ಕೊನೆಗೆ 1942ರಲ್ಲಿ ಕೆಲಸ ಸಿಕ್ಕಿದ್ದು ನಮ್ಮ ಕಡೆ, ಬಳ್ಳಾರಿ ಪಕ್ಕದ ಸಣ್ಣ ಸಂಸ್ಥಾನ ಸಂಡೂರಿನಲ್ಲಿ.

ಸಂಡೂರಿನ ಘೋರ್ಪಡೆ ಅರಸರ ಬಳಿ ಕೃಷ್ಣನ್ ಶಾಲಾ ಮೇಷ್ಟ್ರಾಗಿದ್ದರು, ನ್ಯಾಯಾಧೀಶರಾಗಿದ್ದರು, ಪ್ರಚಾರಾಧಿಕಾರಿಯೂ ರಾಜಕೀಯ ಕಾರ್ಯದರ್ಶಿಯೂ ಆಗಿದ್ದರು. ಇಷ್ಟೆಲ್ಲ ಹುದ್ದೆ ಇದ್ದರೂ ಸಮಯ ಕಳೆದದ್ದು ಬೆಟ್ಟದಲ್ಲಿ. ಕುರಿ ಮೇಯಿಸಿ ನೋಡಿದರು. ಟಪಾಲು ಒಯ್ಯುವ ಪಾರಿವಾಳಗಳನ್ನು ಸಾಕಿದರು. ಕಾಡು ಅಂದ ಕೂಡಲೇ ಹುಲಿ, ಆನೆ ಅಂದುಕೊಳ್ಳುವ ಅಭ್ಯಾಸದಿಂದ ಅವರನ್ನು ದೂರ ಇಟ್ಟದ್ದು ಈ ವರ್ಷಗಳೇ ಇರಬೇಕು. ಅವರ ಬರಹಗಳಲ್ಲಿ ಓತಿಕ್ಯಾತ, ಕಾಗೆ, ಅಳಿಲುಗಳಿಗೂ ಆನೆಯಷ್ಟೇ ಮರ್ಯಾದೆ.

1949ರಲ್ಲಿ ಸಂಡೂರು ಸಂಸ್ಥಾನ ವಿಲೀನವಾಯ್ತು. ಕೃಷ್ಣನ್ ಮದ್ರಾಸಿಗೆ ವಾಪಸ್ ಹೋದರು. ಆಮೇಲೆ ಯಾರ ಬಳಿಯೂ ನೌಕರಿಗೆ ಸೇರಲಿಲ್ಲ. ಲೇಖನ, ರೇಖಾಚಿತ್ರ, ಫೋಟೊ: ಇದರಲ್ಲೇ ಹೊಟ್ಟೆ ತುಂಬಬೇಕು. 1950ರಲ್ಲಿ ಕಲ್ಕತ್ತದ ಸ್ಟೇಟ್ಸ್‌ಮನ್ ಪತ್ರಿಕೆಯಲ್ಲಿ ಕಂಟ್ರಿ ನೋಟ್‌ಬುಕ್ ಅನ್ನುವ ಅಂಕಣ ಶುರು ಮಾಡಿದರು. ಅದು 1996ರವರೆಗೆ, 46 ವರ್ಷ ನಡೀತು.

ಕೈಯಲ್ಲಿದ್ದ ಜೋಡಣೆ, ತಲೆಯಲ್ಲಿದ್ದ ಆನೆ

ಕೃಷ್ಣನ್‌ಗೂ ಮೊದಲು ಭಾರತದ ಕಾಡಲ್ಲಿ ಕ್ಯಾಮೆರಾ ಹಿಡಿದವರಿದ್ದರು. ಸಂಯುಕ್ತ ಪ್ರಾಂತ್ಯದಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್.ಡಬ್ಲ್ಯೂ. ಚಾಂಪಿಯನ್ 1920ರ ದಶಕದಲ್ಲೇ ಕಾಡಿನ ದಾರಿಗೆ ತಂತಿ ಕಟ್ಟಿ, ಹುಲಿ ಅದನ್ನು ಮುಟ್ಟಿದಾಗ ಫ್ಲ್ಯಾಶ್ ಹೊತ್ತಿ ಫೋಟೊ ಬೀಳುವ ಹಾಗೆ ಮಾಡಿದ್ದರು. ಇವತ್ತು ಹುಲಿ ಗಣತಿಗೆ ಇಡುವ ಕ್ಯಾಮೆರಾ ಟ್ರ್ಯಾಪ್‌ನ ಮುತ್ತಜ್ಜ ಅದು. ಕೃಷ್ಣನ್ ಹಿಡಿದ ದಾರಿ ಬೇರೆ. ಬಂಡೀಪುರ, ಮುದುಮಲೈ, ಪೆರಿಯಾರ್ ಕಾಡುಗಳಲ್ಲಿ ನಡೆದುಕೊಂಡು, ಕೆಲವೊಮ್ಮೆ ಸಾಕಾನೆಯ ಬೆನ್ನ ಮೇಲೆ ಕೂತು, ಹಗಲು ಬೆಳಕಿನಲ್ಲಿ ಪ್ರಾಣಿ ಏನು ಮಾಡ್ತಿದೆ ಅಂತ ನೋಡುತ್ತಾ ತೆಗೆಯುವುದು.

ಇದು ಎಷ್ಟು ಕಷ್ಟ ಅಂತ ಡಿಎಸ್‌ಎಲ್‌ಆರ್ ಹಿಡಿದವರಿಗೆ ಲೆಕ್ಕ ಹಾಕಿ ತೋರಿಸಬಹುದು. ಆ ಕಾಲದಲ್ಲಿ ವೇಗದ ಫಿಲ್ಮ್ ಅಂದ್ರೆ ಐಎಸ್‌ಒ 400ರ ಆಸುಪಾಸು. ಅದೇ ಜಾಗದಲ್ಲಿ ನಾವು ಇವತ್ತು ಡಯಲ್ ತಿರುಗಿಸಿ 1600ಕ್ಕೆ ಏರಿಸಿದರೆ ನಾಲ್ಕು ಪಟ್ಟು ವೇಗದ ಶಟರ್ ಸಿಗುತ್ತೆ. ಅವರಿಗೆ ಆಟೋಫೋಕಸ್ ಇಲ್ಲ, ಲೆನ್ಸಿನೊಳಗೆ ನಡುಕ ತಡೆಯುವ ವ್ಯವಸ್ಥೆ ಇಲ್ಲ, ಹಿಂದೆ ಸ್ಕ್ರೀನ್ ಇಲ್ಲ. ಒಂದು ರೋಲ್ ಅಂದ್ರೆ ಹನ್ನೆರಡೋ ಮೂವತ್ತಾರೋ ಫ್ರೇಮು. ಫೋಟೊ ಬಂತೋ ಇಲ್ಲವೋ ಅಂತ ತಿಳಿಯೋದು ಊರಿಗೆ ಬಂದು ಕತ್ತಲೆ ಕೋಣೆಯಲ್ಲಿ ತೊಳೆದ ಮೇಲೆ.

ಹಾಗಾದ್ರೆ ಶಾರ್ಪ್ ಫೋಟೊ ಹೇಗೆ ಬರುತ್ತಿತ್ತು? ಉಪಕರಣದಲ್ಲಿ ಇಲ್ಲದ್ದನ್ನು ಪ್ರಾಣಿಯ ಬಗೆಗಿನ ತಿಳಿವಳಿಕೆ ತುಂಬಿಕೊಡುತ್ತಿತ್ತು. ಆನೆ ನಡೆಯುತ್ತಾ ನಡೆಯುತ್ತಾ ಒಂದು ಕ್ಷಣ ನಿಲ್ಲುತ್ತೆ. ಸೊಂಡಿಲು ಎತ್ತಿ ಗಾಳಿ ಮೂಸುವಾಗ ದೇಹ ಸ್ಥಿರ. ಮರಿ ತಾಯಿಯ ಹೊಟ್ಟೆಯಡಿ ಸೇರಿದ ಮೇಲೆ ಹಿಂಡು ಸ್ವಲ್ಪ ಹೊತ್ತು ಕದಲೋದಿಲ್ಲ. ಇಂಥ ವಿರಾಮಗಳನ್ನು ಮೊದಲೇ ಅಂದಾಜಿಸಬಲ್ಲವನಿಗೆ ನಿಧಾನದ ಶಟರ್ ಕೂಡ ಸಾಕಾಗುತ್ತೆ. ಗಾಳಿ ಯಾವ ಕಡೆಯಿಂದ ಬೀಸ್ತಿದೆ ಅನ್ನೋದು ಅವರಿಗೆ ಎಕ್ಸ್‌ಪೋಷರ್‌ನಷ್ಟೇ ಮುಖ್ಯ, ಯಾಕಂದ್ರೆ ವಾಸನೆ ಹೋದರೆ ಫೋಟೊ ಮಾತ್ರ ಅಲ್ಲ, ಜೀವವೂ ಹೋಗಬಹುದು.

1968ರಲ್ಲಿ ಅವರಿಗೆ ಜವಾಹರಲಾಲ್ ನೆಹರೂ ಫೆಲೋಶಿಪ್ ಸಿಕ್ಕಿತು. ಅದರಡಿ ದಕ್ಷಿಣ ಭಾರತದ ದೊಡ್ಡ ಸಸ್ತನಿಗಳ ಸಮೀಕ್ಷೆ ಮಾಡಿದರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ತನ್ನ ಜರ್ನಲ್‌ನಲ್ಲಿ ಅದನ್ನು ಕಂತುಗಳಲ್ಲಿ ಪ್ರಕಟಿಸಿ, 1975ರಲ್ಲಿ ಪುಸ್ತಕವಾಗಿ ತಂತು. 1959ರಿಂದ 1970ರವರೆಗಿನ ಕಾಡಿನ ಸ್ಥಿತಿಯ ದಾಖಲೆ ಅದು. ಆ ಕೆಲಸದಲ್ಲಿ ಫೋಟೊ ಅಲಂಕಾರವಾಗಿರಲಿಲ್ಲ, ಸಾಕ್ಷಿಯಾಗಿತ್ತು. ಕಾಡೆಮ್ಮೆಯ ಗಂಡು ಹೆಣ್ಣಿನ ಮೈಕಟ್ಟು, ದಂತವಿಲ್ಲದ ಗಂಡಾನೆ, ಮದ ಬಂದ ಆನೆಯ ಕೆನ್ನೆ: ಬರೆದದ್ದನ್ನು ಯಾರಾದರೂ ಪ್ರಶ್ನಿಸಿದರೆ ನೆಗೆಟಿವ್ ತೋರಿಸುವಂತಿರಬೇಕು. ಸಲೂನ್ ಸ್ಪರ್ಧೆಗಳಲ್ಲಿ ಪದಕ ಗೆಲ್ಲುವ ಅಂದಕ್ಕೂ ಈ ಸ್ಪಷ್ಟತೆಗೂ ವ್ಯತ್ಯಾಸ ಇದೆ.

ಹಿನ್ನೆಲೆ ನಾಯ್ಸ್ ಅಲ್ಲ

ಎಲೆಕ್ಟ್ರಾನಿಕ್ಸ್ ಓದಿದವರು ಮೊದಲ ವರ್ಷದಿಂದಲೇ ಕೇಳುವ ಎರಡು ಪದ ಸಿಗ್ನಲ್ ಮತ್ತು ನಾಯ್ಸ್. ಬೇಕಾದ ಮಾಹಿತಿ ಸಿಗ್ನಲ್, ಬೇಡದ್ದು ನಾಯ್ಸ್. ಇವತ್ತಿನ ವನ್ಯಜೀವಿ ಫೋಟೊಗ್ರಫಿಯ ಬಹುಪಾಲು ಪಾಠಗಳು ಇದೇ ಸೂತ್ರದ ಮೇಲೆ ನಿಂತಿವೆ. ಹಕ್ಕಿ ಸಿಗ್ನಲ್, ಉಳಿದದ್ದೆಲ್ಲ ನಾಯ್ಸ್. ಅಪರ್ಚರ್ ಪೂರ್ತಿ ತೆಗೆ, ಹಿಂದಿನದ್ದನ್ನು ಕರಗಿಸು. ಉಳಿದರೆ ಫೋಟೊಶಾಪ್‌ನಲ್ಲಿ ಒರೆಸು.

ಕೃಷ್ಣನ್ ಬದುಕಿನ ಕೆಲಸವನ್ನು ಒಟ್ಟಾಗಿ ನೋಡಿದರೆ ಈ ಲೆಕ್ಕ ತಲೆಕೆಳಗಾಗುತ್ತೆ. ಅವರ ಆನೆ ಒಂಟಿ ಮುಖವಲ್ಲ. ಅದು ಹಿಂಡಿನ ಸದಸ್ಯ, ನೀರಿನ ದಂಡೆಯಲ್ಲಿ ನಿಂತದ್ದು, ಒಂದು ಹುಲ್ಲು ತಿನ್ನುತ್ತಿರುವುದು. ಈ ದೇಶದ ಗಿಡ, ಮರ, ಪ್ರಾಣಿಗಳನ್ನು ಬಿಟ್ಟು ದೇಶಪ್ರೇಮ ಇಲ್ಲ ಅನ್ನುವುದು ಅವರ ಪಟ್ಟು. ಹೊರಗಿಂದ ತಂದ ಅಲಂಕಾರದ ಮರಗಳನ್ನು, ಕಾಡಿನ ಹೆಸರಲ್ಲಿ ಬೆಳೆಸುವ ಪರದೇಶಿ ನೆಡುತೋಪುಗಳನ್ನು ಅವರು ದಶಕಗಳ ಕಾಲ ವಿರೋಧಿಸಿದರು. ನೆಡುತೋಪೂ ಹಸಿರು, ಕಾಡೂ ಹಸಿರು. ಹಿನ್ನೆಲೆ ಕರಗಿಸಿದ ಫೋಟೊದಲ್ಲಿ ಎರಡೂ ಒಂದೇ ಥರ ಕಾಣ್ತವೆ. ಖಾನಾಪುರದ ಅಕೇಶಿಯಾ ಸಾಲಿನ ಮುಂದೆ ಕೂತ ಹಕ್ಕಿಗೂ ಭೀಮಗಡದ ನಿತ್ಯಹರಿದ್ವರ್ಣ ಕಾಡಿನ ಹಕ್ಕಿಗೂ ಅಲ್ಲಿ ಫರಕೇ ಇರೋದಿಲ್ಲ. ರಾಜಕೀಯ ಶುರುವಾಗೋದು ಇಲ್ಲಿಂದ.

ಹಂಗಂತ ಸಿಕ್ಕಿದ್ದೆಲ್ಲ ಫ್ರೇಮಿಗೆ ತುಂಬೋದಲ್ಲ. ಕಾಡು ಒಳಗಿನಿಂದ ನೋಡಿದರೆ ಬರೀ ಗೋಜಲು. ಅದರಲ್ಲಿ ಏನಿರಬೇಕು, ಏನು ಬೇಡ ಅಂತ ಆರಿಸುವುದೇ ಕಂಪೋಸಿಷನ್. ನಮ್ಮ ಕಡೆಯ ಕಾಡಿಗೆ ಹೊಂದುವ ಕೆಲವು ಮಾತು ಇಲ್ಲೇ ಹೇಳಿಬಿಡ್ತೀನಿ.

ಮೊದಲನೇದು ನಡುಕ. 300 ಎಂಎಂ ಲೆನ್ಸನ್ನು ಸಾಮಾನ್ಯ ಡಿಎಸ್‌ಎಲ್‌ಆರ್‌ನ ಸಣ್ಣ ಸೆನ್ಸರ್‌ಗೆ ಹಾಕಿದರೆ ಅದು 450ರ ಥರ ವರ್ತಿಸುತ್ತೆ. ಕೈಯಲ್ಲಿ ಹಿಡಿದು ತೆಗೆಯೋದಾದ್ರೆ ಶಟರ್ 1/500 ಸೆಕೆಂಡ್ ಸುತ್ತಮುತ್ತ ಬೇಕು. ಜಾಂಬೋಟಿಯ ದಟ್ಟ ಕಾಡಿನ ನೆರಳಲ್ಲಿ ಅಷ್ಟು ಬೆಳಕು ಇರೋದಿಲ್ಲ, ಹಾಗಾಗಿ ಐಎಸ್‌ಒ ಏರಿಸೋಕೆ ಹೆದರಬೇಡಿ. ಕಾಳು ಕಾಳಾಗಿ ಕಂಡರೂ ಫೋಟೊ ಉಳಿಯುತ್ತೆ, ಅಲುಗಾಡಿದ್ದು ಉಳಿಯೋದಿಲ್ಲ. ಮರಕ್ಕೆ ಒರಗಿ, ಬ್ಯಾಗಿನ ಮೇಲೆ ಲೆನ್ಸ್ ಇಟ್ಟು ಉಸಿರು ಬಿಟ್ಟ ಮೇಲೆ ಒತ್ತಿ. ಮರ, ತೊರೆ, ಅಣಬೆಯಂಥ ಕದಲದ ವಸ್ತುವಾದ್ರೆ ಟ್ರೈಪಾಡ್, ಲೈವ್ ವ್ಯೂ, 2 ಸೆಕೆಂಡಿನ ಟೈಮರ್ ಸಾಕು.

ಎರಡನೇದು ಫೋಕಸ್. ಎಲೆ, ಬಳ್ಳಿ, ಕೊಂಬೆ ಅಡ್ಡ ಬರುವ ಕಾಡಲ್ಲಿ ಕ್ಯಾಮೆರಾ ತಾನೇ ಆರಿಸೋಕೆ ಬಿಟ್ಟರೆ ಅದು ಮುಂದಿನ ಎಲೆಯನ್ನೇ ಹಿಡಿಯುತ್ತೆ. ಒಂದೇ ಪಾಯಿಂಟ್ ಇಟ್ಟು ಕಣ್ಣಿನ ಮೇಲೆ ಫೋಕಸ್ ಮಾಡಿ. ಅಪರ್ಚರ್ ಎಫ್/8ರ ತನಕ ಇಳಿಸಿ ನೋಡಿ. ಪ್ರಾಣಿಯ ಜೊತೆ ಅದು ನಿಂತ ಜಾಗವೂ ಓದೋಕೆ ಬರುತ್ತೆ.

ಮೂರನೇದು ಬೆಳಕು. ಬಿಸಿಲು ಬಿದ್ದ ಕಾಡು ಕಣ್ಣಿಗೆ ಚೆಂದ, ಸೆನ್ಸರ್‌ಗೆ ಕಷ್ಟ: ಒಂದು ಕಡೆ ಬಿಳಿ ಮಚ್ಚೆ, ಪಕ್ಕದಲ್ಲೇ ಕರಿ ಗುಂಡಿ. ಮೋಡ ಕವಿದ ದಿನ, ಮಳೆ ನಿಂತ ಮೇಲಿನ ಅರ್ಧ ಗಂಟೆ ಖಾನಾಪುರದ ಅತಿ ಒಳ್ಳೆ ಸ್ಟುಡಿಯೋ. ಒದ್ದೆ ಎಲೆಯ ಮೇಲಿನ ಹೊಳಪು ಹಸಿರನ್ನು ತಿಂದುಹಾಕ್ತಿದ್ರೆ ಪೋಲರೈಸರ್ ಫಿಲ್ಟರ್ ತಿರುಗಿಸಿ. ಒತ್ತುವ ಮುಂಚೆ ಫ್ರೇಮಿನ ನಾಲ್ಕೂ ಅಂಚು ಒಮ್ಮೆ ಸುತ್ತಿ ನೋಡಿ. ಬಿಳಿ ಆಕಾಶದ ತುಂಡು ಮೂಲೆಯಲ್ಲಿದ್ರೆ ಎರಡು ಹೆಜ್ಜೆ ಸರಿಯಿರಿ. ಕಪ್ಪು ಬಿಳುಪಿನ ಕೃಷ್ಣನ್‌ಗೆ ಬಣ್ಣದ ಆಸರೆ ಇರಲಿಲ್ಲ. ಆಕಾರ, ನೆರಳು, ಗೆರೆಗಳಲ್ಲೇ ಚಿತ್ರ ನಿಲ್ಲಬೇಕಿತ್ತು. ನೀವೂ ಒಂದು ದಿನ ಸ್ಕ್ರೀನನ್ನು ಮಾನೋಕ್ರೋಮ್‌ಗೆ ಇಟ್ಟು ತೆಗೆದು ನೋಡಿ, ಫ್ರೇಮಿನಲ್ಲಿ ಏನು ಹೆಚ್ಚಾಗಿದೆ ಅಂತ ತಕ್ಷಣ ಗೊತ್ತಾಗುತ್ತೆ.

ಸಂಡೂರಿನ ಕಾಡು, ಖಾನಾಪುರದ ಕಾಡು

ಕೃಷ್ಣನ್ ಸಂಡೂರಿನಲ್ಲಿದ್ದಾಗ ಅರಮನೆಯಲ್ಲಿ ಒಬ್ಬ ಹುಡುಗ ಬೆಳೆಯುತ್ತಿದ್ದ. 1931ರಲ್ಲಿ ಹುಟ್ಟಿದ ಎಂ.ವೈ. ಘೋರ್ಪಡೆ. ಮುಂದೆ ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರ ಓದಿ, 1972ರಿಂದ ದೇವರಾಜ ಅರಸು ಸರ್ಕಾರದಲ್ಲಿ ಹಣಕಾಸು ಮಂತ್ರಿಯಾದರು. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಬಂದಾಗ ಆ ಖಾತೆಯ ಮಂತ್ರಿ ಅವರೇ. ಜೊತೆಗೆ ಅಂತಾರಾಷ್ಟ್ರೀಯ ಮನ್ನಣೆ ಪಡೆದ ವನ್ಯಜೀವಿ ಫೋಟೊಗ್ರಾಫರ್. ಅದೇ ಕುಟುಂಬ 1954ರಲ್ಲಿ ಶುರು ಮಾಡಿದ್ದು ಸಂಡೂರಿನ ಮ್ಯಾಂಗನೀಸ್, ಕಬ್ಬಿಣದ ಅದಿರಿನ ಗಣಿ ಕಂಪನಿ. ಕಾಡನ್ನು ಪ್ರೀತಿಸುವ ಕಣ್ಣು, ಬೆಟ್ಟವನ್ನು ಅಗೆಯುವ ಉದ್ಯಮ ಒಂದೇ ಮನೆಯಲ್ಲಿದ್ದವು. ಇದನ್ನು ಯಾರನ್ನೋ ಹಂಗಿಸೋಕೆ ಹೇಳ್ತಿಲ್ಲ. ಚೆಂದದ ಫೋಟೊಗಳು ಇದ್ದ ಮಾತ್ರಕ್ಕೆ ಬೆಟ್ಟ ಉಳಿಯೋದಿಲ್ಲ ಅನ್ನೋದಕ್ಕೆ ಸಂಡೂರಿಗಿಂತ ಹತ್ತಿರದ ಉದಾಹರಣೆ ನಮಗಿಲ್ಲ. 2024ರಲ್ಲಿ ಅಲ್ಲಿನ ದೇವದಾರಿ ಬೆಟ್ಟಸಾಲಿನ 401 ಹೆಕ್ಟೇರ್ ಕಾಡಿನ ಗಣಿಗಾರಿಕೆ ಮತ್ತೆ ವಿವಾದವಾಯ್ತು.

ಖಾನಾಪುರದಲ್ಲಿ ಅದಿರಿನ ಜಾಗದಲ್ಲಿ ನೀರಿದೆ. ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ. ಮಹದಾಯಿಯ ಉಪಹೊಳೆಗಳಾದ ಕಳಸಾ, ಬಂಡೂರಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಯೋಜನೆ ಇರೋದೂ ಇದೇ ಕಾಡಲ್ಲಿ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ ಕೊಟ್ಟ 13.42 ಟಿಎಂಸಿಯಲ್ಲಿ ಈ ತಿರುವಿನ ಪಾಲು 3.9. ನರಗುಂದ, ನವಲಗುಂದದ ರೈತರ ಬಾಯಾರಿಕೆ ನಿಜ. ಕಾಡಿನ ಪ್ರಶ್ನೆಯೂ ನಿಜ. 2011ರಲ್ಲಿ ಘೋಷಣೆಯಾದ 190 ಚದರ ಕಿ.ಮೀ.ಯ ಭೀಮಗಡ ವನ್ಯಧಾಮದ ಬಾರಾಪೆಡೆ ಗುಹೆಯಲ್ಲಿ ರಾಟನ್ಸ್ ಬಾವಲಿ ಇದೆ. 1913ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಈ ಬಾವಲಿ ಬಹಳ ಕಾಲ ಜಗತ್ತಿನಲ್ಲಿ ಇದೊಂದೇ ಗುಹೆಯಿಂದ ಗೊತ್ತಿತ್ತು. 2002ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗಕ್ಕೆ ಆನೆಗಳು ಹೋದದ್ದು ನಮ್ಮ ಈ ಕಡೆಯ ಕಾಡಿನಿಂದ. ಆನೆ ಯಾವ ದಾರಿಯಲ್ಲಿ ನಡೀತು, ಆ ದಾರಿಯ ಎರಡೂ ಬದಿ ಈಗ ಏನಿದೆ ಅಂತ ತೋರಿಸುವ ಫೋಟೊ, ಆನೆಯ ಕಣ್ಣಿನ ಕ್ಲೋಸಪ್‌ಗಿಂತ ಹೆಚ್ಚು ಕೆಲಸ ಮಾಡುತ್ತೆ.

ಇಲ್ಲೇ ಕೃಷ್ಣನ್ ಜೊತೆ ಒಂದು ಜಗಳವನ್ನೂ ಆಡಬೇಕು. ಅವರ ಪೀಳಿಗೆಯ ಸಂರಕ್ಷಣಾವಾದಿಗಳಿಗೆ ಕಾಡು ಅಂದರೆ ಮನುಷ್ಯರು ಆಚೆ ಇರಬೇಕಾದ ಜಾಗ. ಅರಣ್ಯ ಹಕ್ಕು ಕಾಯ್ದೆ ಬಂದದ್ದು ಅವರು ತೀರಿಕೊಂಡ ಹತ್ತು ವರ್ಷದ ನಂತರ, 2006ರಲ್ಲಿ. ಭೀಮಗಡದ ಒಳಗೆ ಕೃಷ್ಣಾಪುರ, ಗವಾಳಿ, ಪಾಸ್ತೊಳಿಯಂಥ ಊರುಗಳಿವೆ. ಮಳೆಗಾಲದಲ್ಲಿ ಕಾಯಿಲೆಯವರನ್ನು ಹೊತ್ತು ತರುವ ಜನ ಅಲ್ಲಿದ್ದಾರೆ. ತಳೇವಾಡಿಯ ಕುಟುಂಬಗಳಿಗೆ ಪರಿಹಾರ ಕೊಟ್ಟು ಹೊರಗೆ ತರುವ ಪ್ರಕ್ರಿಯೆ ಇತ್ತೀಚೆಗೆ ನಡೆದಿದೆ. ಹೋಗಬೇಕೋ ಉಳೀಬೇಕೋ ಅಂತ ತೀರ್ಮಾನಿಸುವುದು ಅವರ ಹಕ್ಕು. ಆದರೆ ಕಾಡಿನ ಫೋಟೊ ಅಂತ ನಾವು ಹಾಕುವ ನೂರು ಚಿತ್ರದಲ್ಲಿ ಅವರ ಒಂದು ಕಾಲುಹಾದಿಯೂ ಇಲ್ಲ ಅಂದ್ರೆ, ಆ ಕಾಡು ಖಾಲಿ ಇತ್ತು ಅಂತ ನಾವೇ ದಾಖಲೆ ಬರೆದಂತೆ. ಹಿನ್ನೆಲೆಯನ್ನು ಉಳಿಸಿ ಅನ್ನುವ ಕೃಷ್ಣನ್ ಪಾಠವನ್ನು ಅವರಿಗಿಂತ ಒಂದು ಹೆಜ್ಜೆ ಮುಂದೆ ಒಯ್ಯುವುದು ನಮ್ಮ ಕೆಲಸ.

ಕೊನೆಯ ವರ್ಷಗಳು

ಪದ್ಮಶ್ರೀ ಬಂತು. ಭಾರತೀಯ ವನ್ಯಜೀವಿ ಮಂಡಳಿಯಲ್ಲಿ ಕೂತರು, ಆದರೆ ಸರ್ಕಾರವನ್ನು ಟೀಕಿಸುವುದನ್ನು ಬಿಡಲಿಲ್ಲ. 1995ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಗ್ಲೋಬಲ್ 500 ಗೌರವ ನೀಡಿತು. ಇಂಗ್ಲಿಷಿನ ಜೊತೆ ತಮಿಳಿನಲ್ಲೂ ಪ್ರಕೃತಿ ಬಗ್ಗೆ ಬರೆದರು. ಜನರ ಭಾಷೆಯಲ್ಲಿ ಹೆಸರಿಲ್ಲದ ಹಕ್ಕಿಯನ್ನು ಜನ ಉಳಿಸಿಕೊಳ್ಳೋದು ಕಷ್ಟ. ಕನ್ನಡದಲ್ಲಿ ಆ ಕೆಲಸವನ್ನು ಮೂಡಿಗೆರೆಯಿಂದ ಪೂರ್ಣಚಂದ್ರ ತೇಜಸ್ವಿ ಮಾಡಿದರು, ಅವರ ಕೈಯಲ್ಲೂ ಕ್ಯಾಮೆರಾ ಇತ್ತು.

ಕೃಷ್ಣನ್ ತೀರಿಕೊಂಡದ್ದು 1996ರ ಫೆಬ್ರವರಿ 18ರಂದು. ಹತ್ತು ವರ್ಷದ ನಂತರ, 2006ರಲ್ಲಿ, ಅವರ ಫೋಟೊ ಮತ್ತು ಬರಹಗಳ ಒಂದು ದೊಡ್ಡ ಸಂಕಲನ ಬಂತು. ಅದನ್ನು ಸಂಪಾದಿಸಿದವರಲ್ಲಿ ಬೆಂಗಳೂರಿನ ಹಿರಿಯ ಫೋಟೊಗ್ರಾಫರ್ ಟಿ.ಎನ್.ಎ. ಪೆರುಮಾಳ್ ಕೂಡ ಒಬ್ಬರು. ಅದರ ಪುಟಗಳನ್ನು ತಿರುವಿದರೆ ಇವತ್ತಿನ ಕ್ಯಾಮೆರಾಗಳ ನುಣುಪು ಸಿಗೋದಿಲ್ಲ, 1960ರ ದಶಕದ ಬಂಡೀಪುರ, ಮುದುಮಲೈ ಸಿಗ್ತವೆ.

ಮುಂದಿನ ಭಾನುವಾರ ಕಣಕುಂಬಿ ಕಡೆ ಹೊರಡುವವರು ಕೆಲವು ಸಣ್ಣ ಕೆಲಸ ಮಾಡಬಹುದು. ವನ್ಯಧಾಮದ ಒಳಗಾದ್ರೆ ಮೊದಲು ಅನುಮತಿ ತಗೊಳ್ಳಿ, 1972ರ ಕಾಯ್ದೆಯ 28ನೇ ಸೆಕ್ಷನ್ ಫೋಟೊಗ್ರಫಿಗೂ ಪರವಾನಗಿ ಕೇಳುತ್ತೆ. ಗೂಡಿನ ಹತ್ತಿರ ಹೋಗಬೇಡಿ. ಅಪರೂಪದ ಪ್ರಾಣಿಯ ಫೋಟೊ ಹಾಕುವಾಗ ಲೊಕೇಶನ್ ತೆಗೆದುಹಾಕಿ, ಬೇಟೆಗಾರರ ಹತ್ತಿರವೂ ಮೊಬೈಲ್ ಇದೆ. ಆದರೆ ದಿನಾಂಕ, ಊರಿನ ಹೆಸರು, ಮರದ ಹೆಸರು ನಿಮ್ಮ ಫೋಲ್ಡರಿನಲ್ಲಿ ಬರೆದಿಟ್ಟುಕೊಳ್ಳಿ. ಪ್ರತಿ ಸಲ ಒಂದೇ ತಿರುವಿನಲ್ಲಿ ನಿಂತು, ಒಂದೇ ಕೋನದಿಂದ, ಬೆಟ್ಟ, ಹೊಳೆ, ಕಾಲುವೆ, ದಾರಿ ಎಲ್ಲಾ ಕಾಣುವಂತೆ ಒಂದು ಅಗಲವಾದ ಫೋಟೊ ತೆಗೆಯಿರಿ. ಅದಕ್ಕೆ ಲೈಕು ಬರೋದಿಲ್ಲ. ಇಪ್ಪತ್ತು ವರ್ಷದ ನಂತರ ಆ ಕಾಡಿನ ಬಗ್ಗೆ ಯಾರಾದರೂ ಸುಳ್ಳು ಹೇಳಿದರೆ ಮೇಜಿನ ಮೇಲೆ ಇಡೋಕೆ ಬರೋದು ಅದೇ.